ವಾಮನ ಕಣಗಳಿಗೆ ಕಾಯಿದೆಯ ತಕ್ಕಡಿ

ಹಲ್ಲುಜ್ಜುವ ಕೆಲವು ಪೇಸ್ಟುಗಳಿಗೆ ಬಿಳುಪು ಕೊಡುವ ಪುಡಿ, ಬಿಸಿಲಿಗಿಳಿಯುವ ಮುನ್ನ ಮುಖಕ್ಕೆ ಸವರಿಕೊಳ್ಳುವ ಲೇಪ, ಅಡುಗೆಮನೆಯ ಮೂಲೆಯಲ್ಲಿ ಕುಳಿತು ಕುಡಿಯುವ ನೀರನ್ನು ಶೋಧಿಸಿಕೊಡುವ ಪಾತ್ರೆ, ಬೆವರಿನ ವಾಸನೆಯನ್ನು ತಡೆಯುತ್ತದೆಂದು ಹೇಳಿ ಮಾರುವ ಕಾಲುಚೀಲ, ರೈತನು ಬೆಳೆಯ ಮೇಲೆ ಸಿಂಪಡಿಸುವ ಸೀಸೆಗೊಬ್ಬರ - ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು ಎಂದರೆ ಯಾರಿಗಾದರೂ ಆಶ್ಚರ್ಯವಾಗದೆ ಇರದು. ಆದರೆ ಮಾತು ನಿಜ. ಇವೆಲ್ಲವುಗಳಲ್ಲಿಯೂ ಕಣ್ಣಿಗೆ ಕಾಣದ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಕ್ಕದ ಅತಿ ಸಣ್ಣ ಕಣಗಳು ಕೆಲಸ ಮಾಡುತ್ತಿರಬಹುದು. ಇಂಥ ಕಣಗಳನ್ನು ಬೇಕಾದಂತೆ ತಯಾರಿಸಿ, ಬೇಕಾದಲ್ಲಿ ಇರಿಸಿ, ಅವುಗಳಿಂದ ಕೆಲಸ ತೆಗೆಯುವ ವಿದ್ಯೆಗೆ ನ್ಯಾನೊ ತಂತ್ರಜ್ಞಾನವೆಂದು ಹೆಸರು.

ಗ್ರೀಕ್ ಭಾಷೆಯಲ್ಲಿ ನ್ಯಾನೊ ಎಂಬ ಮಾತಿನ ಮೂಲಾರ್ಥ ಕುಬ್ಜನೆಂದು. ಅದನ್ನು ವಾಮನ ವಿದ್ಯೆಯೆಂದು ಕರೆದರೂ ತಪ್ಪಾಗದು. ವಾಮನನ ಕಥೆ ಯಾರಿಗೆ ತಿಳಿಯದು? ಮೂರು ಹೆಜ್ಜೆಯ ನೆಲ ತಾನೇ ಎಂದು ಬಲಿಚಕ್ರವರ್ತಿ ದಾನಕ್ಕೆ ಕೈಯೆತ್ತಿದಾಗ, ಬಂದವನ ಅಳತೆಯನ್ನು ಮೊದಲು ತಿಳಿದುಕೊ ಎಂದು ಶುಕ್ರಾಚಾರ್ಯರು ಎಚ್ಚರಿಸಿದರಂತೆ. ಇಂದು ಲೋಕದ ಸರಕಾರಗಳೆಲ್ಲ ಬಲಿಯ ಆ ಸ್ಥಾನದಲ್ಲಿಯೇ ನಿಂತಿವೆ. ಬಾಗಿಲಿಗೆ ಬಂದಿರುವ ಈ ವಾಮನನು ವರ ಕೊಡಲು ಬಂದವನೋ, ನೆಲೆ ತಪ್ಪಿಸಲು ಬಂದವನೋ? ಅವನಿಗೆ ಎಷ್ಟು ಎಡೆ ಕೊಡಬೇಕು, ಯಾವ ಕರಾರಿನ ಮೇಲೆ ಕೊಡಬೇಕು? ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ಪ್ರಶ್ನೆ ಈಗ ಕಾಯಿದೆ ಮಾಡುವವರ ಮೇಜಿಗೂ ಸಂಸಾರವಂದಿಗರ ಅಡುಗೆಮನೆಗೂ ಬಂದು ಮುಟ್ಟಿದೆ.

ಕಿರಿದಾದೊಡನೆ ಗುಣ ಬೇರೆ

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೮೦,೦೦೦ದಿಂದ ೧,೦೦,೦೦೦ ನ್ಯಾನೊಮೀಟರುಗಳಷ್ಟಿದೆ ಎಂದರೆ ಈ ಅಳತೆಯ ಅಲ್ಪತೆ ಮನಸ್ಸಿಗೆ ಬಂದೀತು. ಸಾಮಾನ್ಯವಾಗಿ ೧ರಿಂದ ೧೦೦ ನ್ಯಾನೊಮೀಟರುಗಳ ನಡುವಣ ಕಣಗಳನ್ನು ಈ ವಿದ್ಯೆಯ ವ್ಯಾಪ್ತಿಗೆ ಸೇರಿಸುತ್ತಾರೆ.

ಸಣ್ಣದಾದರೆ ಆಗುವುದೇನು ಎಂದು ಕೇಳಬಹುದು. ಉತ್ತರ ಅಡುಗೆಮನೆಯಲ್ಲಿಯೇ ಇದೆ. ಕಲ್ಲುಸಕ್ಕರೆಯ ಹರಳು ಹಾಲಿನಲ್ಲಿ ಕರಗಲು ಬಹಳ ಹೊತ್ತು ಬೇಕು. ಅದನ್ನೇ ಕುಟ್ಟಿ ಪುಡಿ ಮಾಡಿ ಹಾಕಿದರೆ ಒಡನೆಯೇ ಕರಗುತ್ತದೆ. ಸಕ್ಕರೆ ಅಷ್ಟೇ, ಆದರೆ ಹಾಲಿಗೆ ತಗಲುವ ಮೈ ಹೆಚ್ಚಾಯಿತು. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಘನಕ್ಕೆ ೬ ಚದರ ಸೆಂಟಿಮೀಟರುಗಳಷ್ಟು ಮೈ ಇರುತ್ತದೆ. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೈ ೬,೦೦೦ ಚದರ ಮೀಟರಾಗುತ್ತದೆ. ಅಂದರೆ ಸುಮಾರು ಒಂದೂವರೆ ಎಕರೆ ನೆಲದಷ್ಟು. ಇಷ್ಟು ವಿಸ್ತಾರವಾದ ಮೈಯುಳ್ಳ ವಸ್ತು ಸುತ್ತಲಿನ ವಸ್ತುಗಳೊಡನೆ ವ್ಯವಹರಿಸುವ ರೀತಿಯೇ ಬೇರೆ. ಹಳದಿಯ ಚಿನ್ನ ಈ ಅಳತೆಯಲ್ಲಿ ಕೆಂಪಾಗಿ ಕಾಣುತ್ತದೆ. ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ಸತುವಿನ ಲೇಪ ಪಾರದರ್ಶಕವಾಗುತ್ತದೆ. ಬಿಸಿಲಿನ ಲೇಪಗಳಲ್ಲಿ ಅದನ್ನು ಬಳಸುವುದು ಈ ಕಾರಣದಿಂದಲೇ.

ವಿದ್ಯೆಯ ಜಾತಕವನ್ನು ಬರೆಯುವವರು ೧೯೫೯ರ ಡಿಸೆಂಬರ್ ೨೯ರಿಂದ ಆರಂಭಿಸುವುದು ರೂಢಿ. ಅಂದು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಯಾಲಿಫೋರ್ನಿಯದಲ್ಲಿ ಮಾಡಿದ ಭಾಷಣದಲ್ಲಿ, ಪರಮಾಣುಗಳನ್ನು ಒಂದೊಂದಾಗಿ ಜೋಡಿಸುವ ಕಾಲ ಬಾರದಿರಲು ಭೌತನಿಯಮಗಳಲ್ಲಿ ಯಾವ ಅಡ್ಡಿಯೂ ಕಾಣದೆಂದು ಸೂಚಿಸಿದನು. ೧೯೭೪ರಲ್ಲಿ ಜಪಾನಿನ ನೊರಿಯೊ ತನಿಗುಚಿ ಈ ವಿದ್ಯೆಗೆ ಹೆಸರಿಟ್ಟನು. ಪರಮಾಣುಗಳನ್ನು ತಡವಿ ನೋಡುವ ಸೂಕ್ಷ್ಮದರ್ಶಕವನ್ನು ೧೯೮೧ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಚಿಸಿದ ಬಿನ್ನಿಗ್ ಮತ್ತು ರೋರರ್ ಅವರಿಗೆ ೧೯೮೬ರಲ್ಲಿ ನೊಬೆಲ್ ಬಹುಮಾನ ಬಂತು. ೨೦೦೦ದ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ರಾಷ್ಟ್ರೀಯ ಯೋಜನೆಯೊಂದನ್ನು ಸಾರಿದ ಮೇಲೆ ದೇಶ ದೇಶಗಳು ಪೈಪೋಟಿಗಿಳಿದವು. ಭಾರತವೂ ಹಿಂದುಳಿಯಲಿಲ್ಲ. ೨೦೦೭ರಲ್ಲಿ ಐದು ವರ್ಷಗಳಿಗೆ ಒಂದು ಸಾವಿರ ಕೋಟಿ ರೂಪಾಯಿಗಳ ನ್ಯಾನೊ ಮಿಷನ್ ಆರಂಭವಾಯಿತು. ಅದರ ಮಂಡಲಿಗೆ ಅಧ್ಯಕ್ಷರಾದವರು ಬೆಂಗಳೂರಿನ ಪ್ರೊಫೆಸರ್ ಸಿ. ಎನ್. ಆರ್. ರಾವ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಮಲ್ಲೇಶ್ವರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿದ್ಯೆಯ ವ್ಯಾಸಂಗ ಬೇರೂರಿದೆ.

ವರದ ಪಕ್ಷ

ತಕ್ಕಡಿಯ ಒಂದು ತಟ್ಟೆಯಲ್ಲಿ ಇಡಬೇಕಾದ ಲಾಭಗಳು ಅಲ್ಪವಲ್ಲ. ೧೯೯೫ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಕ್ಯಾನ್ಸರ್ ಔಷಧವನ್ನೇ ನೋಡಬಹುದು. ಡಾಕ್ಸೊರುಬಿಸಿನ್ ಎಂಬ ಹಳೆಯ ಮದ್ದು ಗಡ್ಡೆಯನ್ನು ಕೊಲ್ಲುವುದರ ಜೊತೆಗೆ ಹೃದಯವನ್ನೂ ಕೆಡಿಸುತ್ತಿತ್ತು. ಸುಮಾರು ನೂರು ನ್ಯಾನೊಮೀಟರುಗಳ ಕೊಬ್ಬಿನ ಕೋಶದೊಳಗೆ ಅದನ್ನೇ ಅಡಗಿಸಿ ಕೊಟ್ಟಾಗ ಹೃದಯಕ್ಕಾಗುವ ಹಾನಿ ಕಡಮೆಯಾಯಿತು. ಕೊರೊನಾ ಮಹಾಮಾರಿಯ ಕಾಲದಲ್ಲಿ, ೨೦೨೦ರ ಡಿಸೆಂಬರಿನಿಂದ ಪಶ್ಚಿಮದ ದೇಶಗಳಲ್ಲಿ ಕೋಟಿಗಟ್ಟಲೆ ಜನರಿಗೆ ಚುಚ್ಚಿದ ಎಂಆರ್‌ಎನ್‌ಎ ಲಸಿಕೆಗಳೂ ಇಂಥ ಕೊಬ್ಬಿನ ಕಣಗಳನ್ನೇರಿ ದೇಹದೊಳಕ್ಕೆ ಹೋದುವು. ಆ ಹೊದಿಕೆ ಇರದಿದ್ದರೆ ಲಸಿಕೆಯ ಸಂದೇಶ ಜೀವಕೋಶವನ್ನು ಮುಟ್ಟುವ ಮೊದಲೇ ಹರಿದು ಚೂರಾಗುತ್ತಿತ್ತು.

ನೀರಿನ ವಿಷಯದಲ್ಲಿ ಭಾರತದ ಕೆಲಸವೇ ಮುಂದಿದೆ. ಮದರಾಸಿನ ಐಐಟಿಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ನೀರಿನಲ್ಲಿ ಬೆರೆತ ಕೀಟನಾಶಕಗಳನ್ನೂ ಶಂಖಪಾಷಾಣವನ್ನೂ ಹಿಡಿದಿಡುವ ನ್ಯಾನೊ ಪದಾರ್ಥಗಳನ್ನು ಸಿದ್ಧಪಡಿಸಿತು. ೨೦೦೯ರಲ್ಲಿ ಟಾಟಾ ಸಂಸ್ಥೆ ಹೊರತಂದ ನೀರಿನ ಶೋಧಕದಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ನ್ಯಾನೊ ಕಣಗಳನ್ನು ಹತ್ತಿಸಲಾಗಿತ್ತು. ಅದಕ್ಕೆ ವಿದ್ಯುತ್ತು ಬೇಡ, ನಲ್ಲಿಯ ನೀರಿನ ಒತ್ತಡ ಬೇಡ. ಬೆಲೆಯೂ ಸಾವಿರ ರೂಪಾಯಿಗಳೊಳಗೇ ಇತ್ತು. ಕೊಳಕು ನೀರು ಕುಡಿದು ಮಗು ಹಾಸಿಗೆ ಹಿಡಿಯುವ ಮನೆಯಲ್ಲಿ ಇಂಥ ಪಾತ್ರೆಯೊಂದು ಬಂದರೆ ಅದರ ಬೆಲೆಯನ್ನು ಹಣದಿಂದ ಕಟ್ಟಲಾಗದು. ಅಪಾಯವಿದ್ದೀತೆಂಬ ಶಂಕೆಯ ಮೇಲೆಯೇ ಇವೆಲ್ಲವನ್ನೂ ತಡೆದರೆ, ಆ ತಡೆಯಿಂದಲೂ ಜೀವಹಾನಿಯಾಗುತ್ತದೆ ಎಂಬುದನ್ನು ಮರೆಯಬಾರದು.

ಕಲ್ನಾರಿನ ಪಾಠ

ಇನ್ನೊಂದು ತಟ್ಟೆಗೆ ತಿರುಗಿದರೆ, ಅಲ್ಲಿ ಮೊದಲು ಕಾಣುವುದು ನ್ಯಾನೊ ಕಣವಲ್ಲ, ಹಳೆಯ ಕಲ್ನಾರು. ಬೆಂಕಿಗೆ ಜಗ್ಗದ, ಅಗ್ಗವಾದ, ನೂಲಿನಂತೆ ನೇಯಬಹುದಾದ ಈ ಖನಿಜವನ್ನು ಒಂದು ಕಾಲದಲ್ಲಿ ಮಾಯಾವಸ್ತುವೆಂದೇ ಹೊಗಳುತ್ತಿದ್ದರು. ೧೮೯೮ರಷ್ಟು ಹಿಂದೆಯೇ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿಣಿ ಲೂಸಿ ಡೀನ್ ಅದರ ಧೂಳು ಕೆಲಸಗಾರರ ಶ್ವಾಸಕೋಶಗಳನ್ನು ಕೆಡಿಸುತ್ತಿದೆಯೆಂದು ವರದಿ ಮಾಡಿದಳು. ಸೂಕ್ಷ್ಮದರ್ಶಕದಲ್ಲಿ ಆ ಧೂಳು ಒಡೆದ ಗಾಜಿನ ಚೂರುಗಳಂತೆ ಮೊನಚಾಗಿ ಕಂಡಿತ್ತು. ಬ್ರಿಟನ್ ಕಲ್ನಾರನ್ನು ಪೂರ್ತಿಯಾಗಿ ನಿಷೇಧಿಸಿದ್ದು ೧೯೯೯ರಲ್ಲಿ. ನಡುವೆ ನೂರು ವರ್ಷಗಳು ಉರುಳಿದ್ದುವು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕಿಲ್ಲ.

ಈ ಹಳೆಯ ಕಥೆಗೂ ಹೊಸ ವಿದ್ಯೆಗೂ ಸಂಬಂಧವೇನು? ಇಂಗಾಲದ ನ್ಯಾನೊ ಕೊಳವೆಗಳೆಂಬ ಪದಾರ್ಥವೊಂದಿದೆ. ಉಕ್ಕನ್ನು ಮೀರಿಸುವ ಗಟ್ಟಿತನ, ಹಕ್ಕಿಯ ಗರಿಯಂಥ ಹಗುರ. ೨೦೦೮ರಲ್ಲಿ ಎಡಿನ್‌ಬರೋ ನಗರದ ವಿಜ್ಞಾನಿಗಳು ಉದ್ದನೆಯ ಇಂಥ ಕೊಳವೆಗಳನ್ನು ಇಲಿಗಳ ಹೊಟ್ಟೆಯೊಳಗಣ ಪೊರೆಗೆ ತಾಗುವಂತೆ ಸೇರಿಸಿ ನೋಡಿದಾಗ, ಕಲ್ನಾರಿನ ಎಳೆಗಳು ಉಂಟುಮಾಡುವಂಥದೇ ಉರಿಯೂತ ಕಂಡುಬಂತು. ಗಿಡ್ಡವಾದ, ಮುದುಡಿಕೊಂಡ ಕೊಳವೆಗಳು ಹಾಗೆ ಮಾಡಲಿಲ್ಲ. ೨೦೧೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಕೊಳವೆಗಳ ಒಂದು ಬಗೆಯನ್ನು ಮಾತ್ರ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಉಳಿದ ಬಗೆಗಳ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ತೀರ್ಪು ಕೊಟ್ಟಿತು. ಹೆಸರು ಒಂದೇ ಆದರೂ ಉದ್ದ, ಆಕಾರ, ಬಿಗುವುಗಳಿಗೆ ತಕ್ಕಂತೆ ಅಪಾಯ ಬೇರೆ ಬೇರೆ ಎಂದಾಯಿತು. ನ್ಯಾನೊ ಒಳ್ಳೆಯದೋ ಕೆಟ್ಟದ್ದೋ ಎಂದು ಸಾರಾಸಗಟಾಗಿ ಕೇಳುವ ಪ್ರಶ್ನೆಗೆ ಅರ್ಥವೇ ಇಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅಳತೆ ಬದಲಾದೊಡನೆ ಕಾಯಿದೆಯೂ ಬದಲಾಗಬೇಕೆಂಬುದಕ್ಕೆ ಇನ್ನೊಂದು ದೃಷ್ಟಾಂತವಿದೆ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯ ನಡುವೆ ಕೆಲಸ ಮಾಡುವವರಿಗಾಗಿ ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ೨೦೧೧ರಲ್ಲಿ ಸಲಹೆಯೊಂದನ್ನು ಕೊಟ್ಟಿತು. ಸಾಮಾನ್ಯ ನಯದ ಪುಡಿಯಾದರೆ ಒಂದು ಘನ ಮೀಟರ್ ಗಾಳಿಯಲ್ಲಿ ೨.೪ ಮಿಲಿಗ್ರಾಂ ಮೀರಬಾರದು. ಅತಿ ಸೂಕ್ಷ್ಮ ಕಣಗಳ ಪುಡಿಯಾದರೆ ೦.೩ ಮಿಲಿಗ್ರಾಂ ಮೀರಬಾರದು. ವಸ್ತು ಒಂದೇ, ಎಚ್ಚರಿಕೆ ಎಂಟು ಮಡಿ. ಚೀಲಗಳಿಂದ ಪುಡಿಯನ್ನು ಸುರಿಯುವ, ಯಂತ್ರಗಳನ್ನು ಗುಡಿಸುವ ಕೂಲಿಯವನ ಶ್ವಾಸಕೋಶಕ್ಕೆ ಈ ಅಂತರ ಬದುಕಿನ ಪ್ರಶ್ನೆ.

ಹಗ್ಗವನ್ನು ಹಾವೆಂದು ಬಗೆದಾಗ

ಭಯಗಳೆಲ್ಲವೂ ನಿಜವಲ್ಲ. ೧೯೮೬ರಲ್ಲಿ ಎರಿಕ್ ಡ್ರೆಕ್ಸ್‌ಲರ್ ತನ್ನ ಗ್ರಂಥದಲ್ಲಿ, ತಮ್ಮಂಥವನ್ನೇ ತಾವು ಹುಟ್ಟಿಸಿಕೊಳ್ಳುತ್ತ ಹೋಗುವ ಸೂಕ್ಷ್ಮ ಯಂತ್ರಗಳು ಲೋಕವನ್ನೆಲ್ಲ ತಿಂದು ಬೂದುಬಣ್ಣದ ಅಂಬಲಿಯಾಗಿ ಮಾಡಿಬಿಟ್ಟರೆ ಗತಿಯೇನು ಎಂದು ಕೇಳಿದ್ದನು. ಕಾದಂಬರಿಕಾರರಿಗೆ ಅದು ಹಬ್ಬವಾಯಿತು. ಆದರೆ ಕಾಯಿದೆ ಮಾಡುವವರ ಮುಂದಿರುವ ಅಪಾಯ ಆ ಬಗೆಯದಲ್ಲ; ಅದು ಪುಡಿ, ಧೂಳು, ಹೊಗೆ, ತೊಳೆದ ನೀರು - ಇಂಥ ಸಾಮಾನ್ಯ ರೂಪಗಳದು.

೨೦೦೬ರಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಹೆಸರಿನ, ಸ್ನಾನದ ಮನೆಯ ಗಾಜನ್ನೂ ಪಿಂಗಾಣಿಯನ್ನೂ ಹೊಳೆಯಿಸುವ ಸಿಂಪರಣೆ ಡಬ್ಬಿಯೊಂದು ಪೇಟೆಗೆ ಬಂತು. ಕೆಲವೇ ದಿನಗಳಲ್ಲಿ ಸುಮಾರು ನೂರು ಮಂದಿ ಕೆಮ್ಮು, ಉಸಿರಾಟದ ತೊಂದರೆಗಳಿಂದ ನರಳಿದರು. ಕೆಲವರು ಆಸ್ಪತ್ರೆಗೂ ಸೇರಿದರು. ನ್ಯಾನೊ ವಿದ್ಯೆಯ ಮೊದಲ ಬಲಿಗಳೆಂದು ಸುದ್ದಿ ಹಬ್ಬಿತು. ಪರೀಕ್ಷಿಸಿ ನೋಡಿದರೆ ಆ ಡಬ್ಬಿಯಲ್ಲಿ ನ್ಯಾನೊ ಕಣಗಳೇ ಇರಲಿಲ್ಲ! ಆಕರ್ಷಣೆಗೆಂದು ಅಂಟಿಸಿದ ಹೆಸರೇ ಅಪಕೀರ್ತಿಗೂ ಕಾರಣವಾಯಿತು. ಒಂದು ಕಡೆ ನ್ಯಾನೊ ಇಲ್ಲದಲ್ಲಿ ಇದೆಯೆಂದು ಬರೆಯುವುದು, ಮತ್ತೊಂದು ಕಡೆ ಇರುವಲ್ಲಿ ಬರೆಯದೆ ಮುಚ್ಚಿಡುವುದು - ಎರಡೂ ಜನರ ನಂಬಿಕೆಯನ್ನು ಕೆಡಿಸುತ್ತವೆ.

ಕಾಲುಚೀಲದ ಬೆಳ್ಳಿಯ ಕಥೆ ಇದಕ್ಕಿಂತ ಗಂಭೀರವಾದದ್ದು. ೨೦೦೮ರಲ್ಲಿ ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಬೆಳ್ಳಿಯ ಕಣಗಳಿರುವ ಕಾಲುಚೀಲಗಳನ್ನು ಕೊಂಡು ತಂದು ಒಗೆದು ನೋಡಿದರು. ಕೆಲವು ಚೀಲಗಳು ನಾಲ್ಕೇ ಒಗೆತದಲ್ಲಿ ತಮ್ಮ ಬೆಳ್ಳಿಯನ್ನು ಬಹುಮಟ್ಟಿಗೆ ನೀರಿಗೆ ಬಿಟ್ಟುಕೊಟ್ಟವು. ಕಾಲಿನ ವಾಸನೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬೆಳ್ಳಿ ಚರಂಡಿಯ ಮೂಲಕ ಕೆರೆ ಹೊಳೆಗಳನ್ನು ಸೇರಿದರೆ, ಅಲ್ಲಿಯ ಉಪಕಾರಿ ಜೀವಿಗಳನ್ನು ಗುರುತು ಹಿಡಿದು ಬಿಟ್ಟುಬಿಡುವುದಿಲ್ಲ. ನೀರು ಶೋಧಿಸುವ ಬೆಳ್ಳಿಯೂ ಬೆಳ್ಳಿಯೇ, ಕಾಲುಚೀಲದ ಬೆಳ್ಳಿಯೂ ಬೆಳ್ಳಿಯೇ. ಆದರೆ ಒಂದು ಮಗುವಿನ ಪ್ರಾಣ ಉಳಿಸುತ್ತದೆ. ಮತ್ತೊಂದು ಬರಿಯ ಷೋಕಿ. ಎರಡನ್ನೂ ಒಂದೇ ಮಾನದಂಡದಿಂದ ಅಳೆಯುವುದು ನ್ಯಾಯವಲ್ಲ.

ಒಂದೇ ಸಾಕ್ಷ್ಯ, ಎರಡು ತೀರ್ಪು

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತು ಟೈಟಾನಿಯಂ ಪುಡಿಗೆ ಚೆನ್ನಾಗಿ ಒಪ್ಪುತ್ತದೆ. ಮಿಠಾಯಿ, ಅಗಿಯುವ ಗೋಂದು, ಕೇಕಿನ ಮೇಲಿನ ಲೇಪಗಳಿಗೆ ಬಿಳುಪು ಕೊಡಲು ಇದನ್ನು ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಯುರೋಪಿನಲ್ಲಿ ಇದಕ್ಕೆ ‘ಇ ೧೭೧’ ಎಂಬ ಗುರುತು. ಅದರ ಕಣಗಳಲ್ಲಿ ಎಣಿಕೆಗೆ ಅರ್ಧದವರೆಗೂ ನ್ಯಾನೊ ಗಾತ್ರದವು ಇರಬಹುದೆಂದು ತಿಳಿದುಬಂದ ಮೇಲೆ ಮರುಪರಿಶೀಲನೆ ನಡೆಯಿತು. ೨೦೨೧ರ ಮೇ ತಿಂಗಳಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಈ ಪುಡಿ ಜೀವಕೋಶಗಳ ಆನುವಂಶಿಕ ದ್ರವ್ಯಕ್ಕೆ ಹಾನಿ ಮಾಡಬಹುದೆಂಬ ಶಂಕೆಯನ್ನು ತಳ್ಳಿಹಾಕಲು ಬರುವುದಿಲ್ಲ, ಆದ್ದರಿಂದ ಇನ್ನು ಇದನ್ನು ಸುರಕ್ಷಿತವೆನ್ನಲಾಗದು ಎಂದಿತು. ೨೦೨೨ರಲ್ಲಿ ಯುರೋಪಿನ ಒಕ್ಕೂಟ ಇದನ್ನು ಆಹಾರದಿಂದ ಹೊರಹಾಕಿತು.

ಆದರೆ ಕೆನಡದ ತಜ್ಞರೂ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ತಜ್ಞರೂ ೨೦೨೨ರಲ್ಲಿ ಅದೇ ಕಾಗದಪತ್ರಗಳನ್ನು ಪರಿಶೀಲಿಸಿ, ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲವೆಂದರು. ೨೦೨೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯೂ ಅದೇ ನಿಲುವಿಗೆ ಬಂತು. ಯಾರು ಸರಿ, ಯಾರು ತಪ್ಪು? ಸೂಕ್ಷ್ಮವಾಗಿ ನೋಡಿದರೆ ಎರಡು ಪಕ್ಷಗಳೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿವೆ. ಹಾನಿಯಾಗುತ್ತದೆಂದು ಸಿದ್ಧವಾಗಿದೆಯೆ ಎಂದು ಒಬ್ಬರು ಕೇಳಿದರು. ಹಾನಿಯಾಗುವುದಿಲ್ಲವೆಂದು ಸಿದ್ಧವಾಗಿದೆಯೆ ಎಂದು ಮತ್ತೊಬ್ಬರು ಕೇಳಿದರು. ಸಂದೇಹವಿದ್ದಾಗ ಅದರ ಲಾಭ ಯಾರಿಗೆ - ವಸ್ತುವಿಗೋ, ಅದನ್ನು ತಿನ್ನುವ ಮಗುವಿಗೋ? ಇದು ಪ್ರಯೋಗಶಾಲೆಯಲ್ಲಿ ತೀರ್ಮಾನವಾಗುವ ಪ್ರಶ್ನೆಯಲ್ಲ. ಮಿಠಾಯಿ ಬೆಳ್ಳಗಿಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ ಎಂಬ ಸಾಮಾನ್ಯ ವಿವೇಕಕ್ಕೂ ಅದರಲ್ಲಿ ಸ್ಥಾನವಿದೆ.

ಯುರೋಪಿನವರ ಇನ್ನೊಂದು ನಿಯಮ ಇದಕ್ಕಿಂತ ಜಾಣತನದ್ದು. ಬಿಸಿಲಿನ ಲೇಪಗಳಲ್ಲಿ ಟೈಟಾನಿಯಂ ಮತ್ತು ಸತುವಿನ ನ್ಯಾನೊ ಕಣಗಳನ್ನು ಒಂದು ಮಿತಿಯವರೆಗೆ ಅವರು ಒಪ್ಪಿದ್ದಾರೆ. ಏಕೆಂದರೆ ಆರೋಗ್ಯವಾದ ಚರ್ಮವನ್ನು ದಾಟಿ ಅವು ಒಳಗಿಳಿಯುವ ಲಕ್ಷಣ ಕಾಣಲಿಲ್ಲ. ಆದರೆ ಉಸಿರಿನೊಡನೆ ಒಳಹೋಗುವಂಥ ಸಿಂಪರಣೆಯ ರೂಪದಲ್ಲಿ ಅವನ್ನು ಬಳಸಕೂಡದೆಂದು ತಡೆದಿದ್ದಾರೆ. ವಸ್ತುವನ್ನಲ್ಲ, ಅದು ದೇಹವನ್ನು ಹೊಗುವ ದಾರಿಯನ್ನು ನೋಡಿ ಮಾಡಿದ ಕಾಯಿದೆ ಅದು. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಅವಿವೇಕವೂ ಅದರಲ್ಲಿಲ್ಲ, ಕಣ್ಣು ಮುಚ್ಚಿಕೊಂಡು ನುಂಗುವ ಮೌಢ್ಯವೂ ಇಲ್ಲ. ೨೦೧೩ರ ಜುಲೈನಿಂದ ಅಲ್ಲಿಯ ಸೌಂದರ್ಯವರ್ಧಕಗಳ ಪಟ್ಟಿಯಲ್ಲಿ ಇಂಥ ಘಟಕದ ಮುಂದೆ ನ್ಯಾನೊ ಎಂದು ಅಚ್ಚುಹಾಕುವುದು ಕಡ್ಡಾಯವಾಯಿತು.

ಹೊಲಕ್ಕಿಳಿದ ವಾಮನ

ಭಾರತದಲ್ಲಿ ಈ ತೂಗುವಿಕೆಯ ಕಷ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಔಷಧದಲ್ಲಲ್ಲ, ಮಿಠಾಯಿಯಲ್ಲಲ್ಲ, ಗೊಬ್ಬರದಲ್ಲಿ. ದೇಶಕ್ಕೆ ವರ್ಷಕ್ಕೆ ಸುಮಾರು ೩೫೦ ಲಕ್ಷ ಟನ್ನುಗಳಷ್ಟು ಯೂರಿಯಾ ಬೇಕು. ಅದರ ಒಂದು ಪಾಲು ಹೊರದೇಶಗಳಿಂದ ಬರಬೇಕು. ೨೦೨೨-೨೩ರಲ್ಲಿ ಗೊಬ್ಬರಗಳ ಸಹಾಯಧನಕ್ಕೆ ಸರಕಾರ ಮಾಡಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ. ಹೊಲಕ್ಕೆ ಚೆಲ್ಲಿದ ಯೂರಿಯಾದಲ್ಲಿ ಬಹುಭಾಗ ಬೆಳೆಗೆ ದಕ್ಕದೆ ಗಾಳಿಗೂ ಅಂತರ್ಜಲಕ್ಕೂ ಸೇರಿಹೋಗುತ್ತದೆ. ಇಂಥ ಹೊತ್ತಿನಲ್ಲಿ ಇಫ್ಕೊ ಸಹಕಾರ ಸಂಸ್ಥೆ ೨೦೨೧ರಲ್ಲಿ ನ್ಯಾನೊ ಯೂರಿಯಾವನ್ನು ಹೊರತಂದಿತು. ಅರ್ಧ ಲೀಟರಿನ ಒಂದು ಸೀಸೆ, ಬೆಲೆ ೨೪೦ ರೂಪಾಯಿ. ಎಲೆಗಳ ಮೇಲೆ ಸಿಂಪಡಿಸಿದರೆ ೪೫ ಕಿಲೋಗ್ರಾಂಗಳ ಒಂದು ಚೀಲಕ್ಕೆ ಸಮನೆಂದು ಪ್ರಚಾರವಾಯಿತು. ೯೪ ಬೆಳೆಗಳಲ್ಲಿ ೧೧,೦೦೦ ರೈತರ ಹೊಲಗಳಲ್ಲಿ ಪರೀಕ್ಷಿಸಿದಾಗ ಸರಾಸರಿ ನೂರಕ್ಕೆ ೮ರಷ್ಟು ಇಳುವರಿ ಹೆಚ್ಚಿತೆಂದು ಸಂಸ್ಥೆ ತಿಳಿಸಿತು. ೨೦೨೨ರ ಮೇ ೨೮ರಂದು ಗುಜರಾತಿನ ಕಲೋಲಿನಲ್ಲಿ ಪ್ರಧಾನಮಂತ್ರಿಗಳೇ ಕಾರ್ಖಾನೆಯನ್ನು ಉದ್ಘಾಟಿಸಿದರು.

ಆಗ ಕೆಲವು ವಿಜ್ಞಾನಿಗಳು ಶಾಲೆಯ ಹುಡುಗನೂ ಮಾಡಬಹುದಾದ ಒಂದು ಲೆಕ್ಕವನ್ನು ಮುಂದಿಟ್ಟರು. ಯೂರಿಯಾದಲ್ಲಿ ನೂರಕ್ಕೆ ೪೬ ಪಾಲು ಸಾರಜನಕ. ಆದ್ದರಿಂದ ೪೫ ಕಿಲೋಗ್ರಾಂಗಳ ಚೀಲದಲ್ಲಿ ಇರುವುದು ೨೦ ಕಿಲೋಗ್ರಾಂಗಳಿಗೂ ಮಿಕ್ಕ ಸಾರಜನಕ. ನೂರಕ್ಕೆ ೪ರಂತೆ ಸಾರಜನಕವಿರುವ ಅರ್ಧ ಲೀಟರಿನ ಸೀಸೆಯಲ್ಲಿ ಇರುವುದು ೨೦ ಗ್ರಾಂ. ಅಂತರ ಸುಮಾರು ಸಾವಿರ ಪಾಲು. ಎಲೆಗೆ ಬಿದ್ದ ಒಂದು ಹನಿಯೂ ವ್ಯರ್ಥವಾಗಲಿಲ್ಲವೆಂದೇ ಇಟ್ಟುಕೊಂಡರೂ, ಧಾನ್ಯದ ಪ್ರೋಟೀನಿಗೆ ಬೇಕಾದ ಸಾರಜನಕವನ್ನು ಗಿಡ ಎಲ್ಲಿಂದ ತರಬೇಕು? ಕಣಗಳು ಗಿಡದೊಳಗಿನ ಕ್ರಿಯೆಗಳನ್ನು ಚುರುಕುಗೊಳಿಸುತ್ತವೆ, ಕೇವಲ ತೂಕದ ಲೆಕ್ಕ ಇಲ್ಲಿ ಸಲ್ಲದು ಎಂಬುದು ತಯಾರಕರ ಉತ್ತರ. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷಗಳ ಕಾಲ ಹೊಲದಲ್ಲಿಯೇ ಪ್ರಯೋಗ ಮಾಡಿ ನೋಡಿದರು. ಶಿಫಾರಸಿನ ಪ್ರಮಾಣದ ಗೊಬ್ಬರ ಹಾಕಿದ ಬೆಳೆಗೆ ಹೋಲಿಸಿದಾಗ ಗೋಧಿಯ ಇಳುವರಿ ನೂರಕ್ಕೆ ೨೧.೬ರಷ್ಟೂ ಭತ್ತದ ಇಳುವರಿ ೧೩ರಷ್ಟೂ ಕುಗ್ಗಿತು. ಧಾನ್ಯದಲ್ಲಿನ ಸಾರಜನಕವೂ ಇಳಿದಿತ್ತು. ಸಂಸ್ಥೆ ಇದನ್ನು ಒಪ್ಪಲಿಲ್ಲ. ವಾದ ಮುಗಿದಿಲ್ಲ.

ವಾದ ಮುಗಿಯುವ ತನಕ ಸೀಸೆ ಕಾಯಲಿಲ್ಲವೆಂಬುದೇ ಇಲ್ಲಿಯ ಪಾಠ. ಚೀಲದ ಯೂರಿಯಾ ಬೇಕಾದರೆ ಸೀಸೆಯನ್ನೂ ಕೊಳ್ಳಬೇಕೆಂದು ಅಂಗಡಿಯವರು ಒತ್ತಾಯಿಸುತ್ತಾರೆಂದು ರೈತರು ದೂರಿದರು. ೨೦೨೫ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಇಂಥ ಒತ್ತಾಯವನ್ನು ನಿಲ್ಲಿಸಬೇಕೆಂದು ಸೂಚಿಸಿದರು. ಅದೇ ಮುಂಗಾರಿನಲ್ಲಿ ಕರ್ನಾಟಕದ ಹಲವು ಜಿಲ್ಲೆಗಳ ರೈತರು ಯೂರಿಯಾ ಚೀಲಕ್ಕಾಗಿ ಸಾಲುಗಟ್ಟಿ ನಿಂತಿದ್ದರು. ಬೆಳೆ ಕೈಕೊಟ್ಟರೆ ನಷ್ಟ ಕಂಪನಿಗೂ ಅಲ್ಲ, ಇಲಾಖೆಗೂ ಅಲ್ಲ. ಸೀಸೆಯನ್ನು ನಂಬಿ ಚೀಲವನ್ನು ಬಿಟ್ಟವನಿಗೆ. ನ್ಯಾನೊ ಕಣಗಳ ಅಪಾಯವೆಂದರೆ ವಿಷವೊಂದೇ ಅಲ್ಲ. ಹೇಳಿದ ಗುಣ ಇಲ್ಲದಿರುವುದೂ ಅಪಾಯವೇ.

ತಕ್ಕಡಿ ಹಿಡಿಯುವ ಬಗೆ

೧೯೮೦ರಲ್ಲಿ ಇಂಗ್ಲೆಂಡಿನ ಡೇವಿಡ್ ಕಾಲಿಂಗ್‌ರಿಜ್ ಎಂಬ ವಿದ್ವಾಂಸನು ಈ ಇಕ್ಕಟ್ಟನ್ನು ಸೂತ್ರವಾಗಿ ಹೇಳಿದನು. ಹೊಸ ವಿದ್ಯೆಯೊಂದು ಎಳೆಯದಾಗಿರುವಾಗ ಅದನ್ನು ತಿದ್ದುವುದು ಸುಲಭ, ಆದರೆ ಅದರ ಕೇಡು ಆಗ ತಿಳಿದಿರುವುದಿಲ್ಲ. ಕೇಡು ತಿಳಿಯುವ ಹೊತ್ತಿಗೆ ಅದು ಬೇರುಬಿಟ್ಟು ತಿದ್ದಲಾರದಷ್ಟು ಬೆಳೆದಿರುತ್ತದೆ. ಈ ಇಕ್ಕಟ್ಟಿಗೆ ಪೂರ್ತಿ ಪರಿಹಾರವಿಲ್ಲ. ಆದರೆ ನಡೆಯಬಹುದಾದ ದಾರಿಯೊಂದಿದೆ. ೨೦೦೪ರ ಜುಲೈನಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿಯೂ ಎಂಜಿನಿಯರಿಂಗ್ ಅಕಾಡೆಮಿಯೂ ಕೂಡಿ ಕೊಟ್ಟ ವರದಿ ಆ ದಾರಿಯನ್ನು ತೋರಿಸಿತು. ಬಹುಪಾಲು ನ್ಯಾನೊ ಕೆಲಸಗಳಿಂದ ಹೊಸ ಅಪಾಯವೇನೂ ಇಲ್ಲ. ಚಿಂತೆಗೆ ಕಾರಣವಾದದ್ದು ಬಿಡಿಬಿಡಿಯಾಗಿ ಹಾರಾಡುವ, ಹರಿದಾಡುವ ಕಣಗಳು ಮಾತ್ರ. ಹಳೆಯ ವಸ್ತುವೇ ಆದರೂ ನ್ಯಾನೊ ರೂಪದಲ್ಲಿ ಬಂದಾಗ ಅದನ್ನು ಹೊಸ ರಾಸಾಯನಿಕವೆಂದೇ ಪರೀಕ್ಷಿಸಬೇಕು. ಮತ್ತಷ್ಟು ತಿಳಿಯುವ ತನಕ ಅವು ನೀರು ಗಾಳಿಗಳಿಗೆ ಸೇರುವುದನ್ನು ಆದಷ್ಟು ತಪ್ಪಿಸಬೇಕು ಎಂದು ಅದು ಸಲಹೆ ಮಾಡಿತು.

ಭಾರತದ ನ್ಯಾಯಾಲಯಗಳಿಗೂ ಈ ತತ್ತ್ವ ಹೊಸದಲ್ಲ. ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಚೆಯ ಮೊಕದ್ದಮೆಯಲ್ಲಿ, ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುನ್ನೆಚ್ಚರಿಕೆಯ ತತ್ತ್ವವನ್ನು ದೇಶದ ಕಾನೂನಿನ ಅಂಗವೆಂದು ಸಾರಿತು. ತನ್ನ ಕೆಲಸ ನಿರಪಾಯಕರವೆಂದು ತೋರಿಸಿಕೊಡುವ ಹೊಣೆ ಉದ್ಯಮಿಯದೇ ಹೊರತು, ಕೇಡು ಅನುಭವಿಸಿದ ಬಡವನದಲ್ಲ ಎಂಬುದು ಆ ತೀರ್ಪಿನ ತಿರುಳು. ನ್ಯಾನೊ ಪದಾರ್ಥಗಳಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಔಷಧಗಳಿಗೆ ೨೦೧೯ರಲ್ಲಿ, ಕೃಷಿ ಮತ್ತು ಆಹಾರ ಪದಾರ್ಥಗಳಿಗೆ ೨೦೨೦ರಲ್ಲಿ ಮಾರ್ಗಸೂಚಿಗಳು ಹೊರಟವು. ಮಾರ್ಗಸೂಚಿಗೆ ಕೈ ತೋರಿಸುವ ಶಕ್ತಿಯುಂಟು. ಕೈ ಹಿಡಿದು ನಿಲ್ಲಿಸುವ ಶಕ್ತಿ ಕಾಯಿದೆಗೆ ಮಾತ್ರ.

ಹಾಗಾದರೆ ತೂಗುವುದು ಹೇಗೆ? ಹೊಸ ನ್ಯಾನೊ ಪದಾರ್ಥವೊಂದು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬಹುದು. ಲಾಭ ಯಾರಿಗೆ, ಅಪಾಯ ಯಾರಿಗೆ? ಕ್ಯಾನ್ಸರ್ ರೋಗಿ ತನ್ನ ಮದ್ದಿನ ಅಪಾಯವನ್ನು ತಾನೇ ಒಪ್ಪಿಕೊಳ್ಳುತ್ತಾನೆ, ಲಾಭವೂ ಅವನದೇ. ಪುಡಿಯ ಕಾರ್ಖಾನೆಯ ಕೂಲಿಗೆ ಅಪಾಯ ಮಾತ್ರ, ಲಾಭ ಬೇರೆಯವರಿಗೆ. ತಪ್ಪಾಯಿತೆಂದು ತಿಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬಹುದೆ? ಮಾತ್ರೆಯನ್ನು ಅಂಗಡಿಯಿಂದ ವಾಪಸು ತರಿಸಬಹುದು. ಕೆರೆಗೆ ಸೇರಿದ ಕಣವನ್ನು ಹೆಕ್ಕಿ ತೆಗೆಯುವವರಿಲ್ಲ. ಇದಿಲ್ಲದೆ ನಡೆಯುವುದೆ? ಶುದ್ಧವಾದ ನೀರಿಲ್ಲದೆ ನಡೆಯದು. ಬೆಳ್ಳನೆಯ ಮಿಠಾಯಿಯಿಲ್ಲದೆ ನಡೆಯುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಕೆಲವು ಏರ್ಪಾಡುಗಳು ಅವಶ್ಯ. ಮಾರುವವನಲ್ಲದ ಮೂರನೆಯವರು ಪರೀಕ್ಷೆ ಮಾಡಬೇಕು. ಫಲಿತಾಂಶಗಳನ್ನು, ಒಳ್ಳೆಯದಿರಲಿ ಕೆಟ್ಟದಿರಲಿ, ಮಾರಾಟಕ್ಕೆ ಮೊದಲೇ ಜನರ ಮುಂದಿಡಬೇಕು. ಡಬ್ಬಿಯ ಮೇಲೆ ನ್ಯಾನೊ ಎಂಬ ಗುರುತು ಕನ್ನಡ ಓದುವ ಗೃಹಿಣಿಗೂ ತಿಳಿಯುವಂತೆ ಇರಬೇಕು. ಕಾರ್ಖಾನೆಯ ಕೆಲಸಗಾರನ ಉಸಿರಿನ ಲೆಕ್ಕ ಇಡಬೇಕು. ಬಳಸಿ ಬಿಸಾಡಿದ ಶೋಧಕವೂ ಹರಿದ ಕಾಲುಚೀಲವೂ ಕೊನೆಗೆ ಎಲ್ಲಿಗೆ ಹೋಗುತ್ತವೆಂಬುದನ್ನು ಮೊದಲೇ ಯೋಚಿಸಬೇಕು. ಇವುಗಳಿಂದ ವಿದ್ಯೆಯ ಮುನ್ನಡೆಗೆ ಅಡ್ಡಿಯಾಗುವುದೆಂದು ಕೆಲವರು ಅಂಜುತ್ತಾರೆ. ಅಂಜಿಕೆಗೆ ಕಾರಣವಿಲ್ಲ. ಗುಲಗಂಜಿ ಇಟ್ಟು ತೂಗುವ ಅಕ್ಕಸಾಲಿಗನಿಂದ ಚಿನ್ನದ ವ್ಯಾಪಾರ ಕೆಟ್ಟ ಉದಾಹರಣೆಯಿಲ್ಲ. ಅವನ ತಕ್ಕಡಿಯ ಮೇಲಿನ ನಂಬಿಕೆಯಿಂದಲೇ ಜನ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.